ರೈಫಲ್ಲೋ ಪಿಸ್ತೂಲೋ: ಗುರಿ ಹೊಡೆಯುವ ಹವ್ಯಾಸಕ್ಕೆ ಯಾವ ಬಂದೂಕು ತಕ್ಕದ್ದು?

ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲಿ. ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದೇ ಕೂಟದಲ್ಲಿ ಸ್ವಪ್ನಿಲ್ ಕುಸಾಳೆ ಅವರ ಕಂಚು ಬಂದದ್ದು ಮದ್ದಿನ ತೋಟಾ ಹಾರಿಸುವ 50 ಮೀಟರ್ ರೈಫಲ್ಲಿನಿಂದ. ಇಂಥ ಗೆಲುವುಗಳ ಬೆನ್ನಿಗೇ ಶೂಟಿಂಗ್ ಕಲಿಯುವ ಆಸೆ ಹಲವರಲ್ಲಿ ಹುಟ್ಟುತ್ತದೆ. ಆಸೆ ಹುಟ್ಟಿದ ಕೂಡಲೇ ಯಾವ ಬಂದೂಕು ಕೊಳ್ಳಬೇಕೆಂಬ ಗೊಂದಲವೂ ಹುಟ್ಟುತ್ತದೆ. ಹನ್ನೆರಡು ಹದಿಮೂರು ವರ್ಷದ ಮಗಳನ್ನು ಕ್ರೀಡೆಗೆ ಸೇರಿಸಬೇಕೆನ್ನುವ ತಂದೆತಾಯಿ, ವಾರಾಂತ್ಯಕ್ಕೊಂದು ಹವ್ಯಾಸ ಹುಡುಕುತ್ತಿರುವ ನೌಕರ, ನಿವೃತ್ತಿಯಾದ ಮೇಲೆ ಏಕಾಗ್ರತೆಗಾಗಿ ಏನನ್ನಾದರೂ ಹಿಡಿಯಬೇಕೆಂದುಕೊಂಡವರು, ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದ್ದೂ ಅದರಿಂದ ಗುರಿ ಅಭ್ಯಾಸ ಮಾಡಬಹುದೇ ಎಂದು ಕೇಳುವ ಕೊಡಗಿನವರು, ಹೀಗೆ ಕೇಳುವವರೂ ಹಲವು ಬಗೆ. ಇವರೆಲ್ಲರಿಗೂ ಒಂದೇ ಉತ್ತರ ಹೇಳಲಾಗದು. ಆದರೆ ಉತ್ತರಕ್ಕೆ ಬರುವ ದಾರಿ ಎಲ್ಲರಿಗೂ ಒಂದೇ: ಮೊದಲು ಕಾನೂನು ಮತ್ತು ರೇಂಜ್ (ಗುರಿ ಅಭ್ಯಾಸದ ಜಾಗ), ಆಮೇಲೆ ಶರೀರ ಮತ್ತು ಕಣ್ಣು, ಆಮೇಲೆ ನಿತ್ಯದ ಖರ್ಚು, ಕೊನೆಗೆ ಬಂದೂಕು. ಬಹುತೇಕರು ಇದನ್ನು ತಿರುಗುಮುರುಗು ಮಾಡಿ, ಬಂದೂಕು ಕೊಂಡ ನಂತರ ಅದನ್ನು ಎಲ್ಲಿ ಹಾರಿಸಬೇಕೆಂದು ಹುಡುಕುತ್ತಾರೆ.

ಅಳೆಯಬೇಕಾದ ಸಂಗತಿಗಳು

ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬಾಯಲ್ಲಿ 20 ಜೂಲ್ ಮೀರದ ಶಕ್ತಿಯ, 0.177 ಅಂಗುಲ ಅಂದರೆ 4.5 ಮಿ.ಮೀ. ಮೀರದ ನಳಿಗೆಯ ಏರ್ ಬಂದೂಕುಗಳಿಗೆ ಪರವಾನಗಿ ಬೇಕಾಗಿಲ್ಲ. ಕೊಳ್ಳುವಾಗ ಅಂಗಡಿಯವರು ಗುರುತಿನ ಮತ್ತು ವಿಳಾಸದ ದಾಖಲೆ ಕೇಳುತ್ತಾರೆ; ಕೊಟ್ಟು, ರಸೀದಿ ಪಡೆದು, ಅದನ್ನು ಬಂದೂಕಿನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಈ ಗಡಿಯೊಳಗೆ ಸ್ಪರ್ಧೆಯ ಏರ್ ಬಂದೂಕುಗಳೆಲ್ಲ ಆರಾಮವಾಗಿ ಬರುತ್ತವೆ. ಅರ್ಧ ಗ್ರಾಂ ತೂಕದ ಪೆಲೆಟ್ (ಏರ್ ಬಂದೂಕಿನ ಪುಟ್ಟ ಗುಂಡು) ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 8 ಜೂಲ್ ಮಾತ್ರ. ಹತ್ತು ಮೀಟರ್ ದೂರದ ಕಾಗದಕ್ಕೆ ಅದಕ್ಕಿಂತ ಹೆಚ್ಚಿನ ಬಲ ಬೇಕಾಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಯಾರಾದರೂ ‘ಇದು ಹೆಚ್ಚು ಪವರ್’ ಎಂದು ಹೊಗಳಿದರೆ, ಗುರಿ ಅಭ್ಯಾಸದವರಿಗೆ ಅದು ಹೊಗಳಿಕೆಯಲ್ಲ ಎಂದು ತಿಳಿಯಬೇಕು.

ಇಲ್ಲೊಂದು ಗೋಜಲನ್ನು ಬಿಡಿಸಬೇಕು. ‘ಪಾಯಿಂಟ್ ಟೂ ಟೂ’ ಎಂಬ ಹೆಸರಿನಲ್ಲಿ ಎರಡು ಬೇರೆಬೇರೆ ವಸ್ತುಗಳು ಓಡಾಡುತ್ತವೆ. 5.5 ಮಿ.ಮೀ. ನಳಿಗೆಯ ಏರ್ ರೈಫಲ್ ಒಂದು, ಮದ್ದು ತುಂಬಿದ.22 ಲಾಂಗ್ ರೈಫಲ್ ತೋಟಾ ಹಾರಿಸುವ ಬಂದೂಕು ಇನ್ನೊಂದು. ಮೊದಲನೆಯದು ಗಾಳಿಯಿಂದಲೇ ಹಾರಿದರೂ 4.5 ಮಿ.ಮೀ. ಗಡಿ ದಾಟಿರುವುದರಿಂದ ಅದಕ್ಕೂ ಪರವಾನಗಿ ಬೇಕು. ಗಾಳಿ ಬಂದೂಕಲ್ಲವೇ ಎಂದು ಆನ್‌ಲೈನಿನಲ್ಲಿ ಯಾರಿಂದಲೋ ಕೊಂಡವರು ತಿಳಿಯದೆಯೇ ಕಾಯ್ದೆಯ ಕೈಗೆ ಸಿಕ್ಕುತ್ತಾರೆ. ಸ್ಪರ್ಧೆಯಲ್ಲಿಯೂ 5.5 ಮಿ.ಮೀ. ಏರ್ ರೈಫಲ್ಲಿಗೆ ಒಲಿಂಪಿಕ್ ವಿಭಾಗವಿಲ್ಲ. ಗುರಿ ಹೊಡೆಯುವ ಹವ್ಯಾಸಿ ಅದನ್ನು ಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಮದ್ದಿನ ಬಂದೂಕುಗಳ ಮಾತೇ ಬೇರೆ. 21 ವರ್ಷ ತುಂಬಿರಬೇಕು. ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ, ಅರ್ಜಿ ಹಾಕಬೇಕು. ಪೊಲೀಸ್ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಎಲ್ಲವೂ ಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿದೆ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದನ್ನೂ ಪರವಾನಗಿಯೇ ನಿರ್ಧರಿಸುತ್ತದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಬಂದೂಕನ್ನು ಠಾಣೆಯಲ್ಲಿ ಜಮೆ ಮಾಡುವಂತೆ ಸೂಚನೆ ಬರುವುದು ಕರ್ನಾಟಕದ ಪರವಾನಗಿದಾರರಿಗೆ ಹೊಸ ಸಂಗತಿಯಲ್ಲ. ಪಂಚಾಯಿತಿಯಿಂದ ಲೋಕಸಭೆಯವರೆಗೆ ಚುನಾವಣೆಗಳು ಒಂದರ ಹಿಂದೊಂದು ಬರುವ ವರ್ಷದಲ್ಲಿ ಅಭ್ಯಾಸ ಎಷ್ಟು ಕಡಿದುಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ರೇಂಜ್. ಹತ್ತು ಮೀಟರ್ ರೇಂಜುಗಳು ಬೆಂಗಳೂರಿನಲ್ಲಿ ಹಲವೆಡೆ ಇವೆ, ಬೇರೆ ಊರುಗಳಲ್ಲೂ ತಲೆಯೆತ್ತುತ್ತಿವೆ. ಒಂದು ಉದ್ದನೆಯ ಕೋಣೆ, ಸರಿಯಾದ ಬೆಳಕು, ಹಿಂಬದಿಯಲ್ಲಿ ಪೆಲೆಟ್ ತಡೆಯುವ ಗೋಡೆ ಇದ್ದರೆ ಅದು ಆಗುತ್ತದೆ. 25 ಮತ್ತು 50 ಮೀಟರಿನ ರೇಂಜಿಗೆ ಎತ್ತರದ ಮಣ್ಣಿನ ದಿಬ್ಬ, ತಡೆಗೋಡೆಗಳು ಮತ್ತು ಸರ್ಕಾರದ ಅನುಮತಿ ಬೇಕು. .22 ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು. ಹಾಗಾಗಿ ಅಂಥ ರೇಂಜುಗಳು ಬೆರಳೆಣಿಕೆಯಷ್ಟು. ಮನೆಯಿಂದ ಎರಡು ಗಂಟೆ ಪ್ರಯಾಣದ ರೇಂಜಿಗಾಗಿ ಕೊಂಡ ದುಬಾರಿ ಬಂದೂಕು ಕಪಾಟಿನಲ್ಲೇ ಉಳಿಯುತ್ತದೆ.

ಮೂರನೆಯದು ಕಣ್ಣು ಮತ್ತು ಶರೀರ. ಬಲಗೈ ಬಳಸುವವರ ಪ್ರಬಲ ಕಣ್ಣು ಬಲಗಣ್ಣೇ ಆಗಿರಬೇಕೆಂದಿಲ್ಲ. ಎರಡೂ ಕೈ ಚಾಚಿ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಕೊಂಡು ದೂರದ ಗಡಿಯಾರವನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿದರೆ ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಪ್ರಬಲ. ಎಡಗಣ್ಣು ಪ್ರಬಲವಾದ ಬಲಗೈಯವರು ರೈಫಲ್ ಹಿಡಿದರೆ ತೊಡಕು ಹೆಚ್ಚು, ಏಕೆಂದರೆ ರೈಫಲ್ಲಿನ ದಿಮ್ಮಿ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಕೆನ್ನೆಗೆ ಒತ್ತಿಕೊಂಡು ಕಣ್ಣನ್ನು ಒಂದೇ ಕಡೆಗೆ ಕಟ್ಟಿಹಾಕುತ್ತದೆ. ಅಂಥವರು ಎಡಗೈಯಿಂದಲೇ ಕಲಿಯಬೇಕು, ಇಲ್ಲವೇ ಕಣ್ಣಿಗೆ ಮರೆ ಹಾಕಿಕೊಳ್ಳಬೇಕು. ಪಿಸ್ತೂಲಿನಲ್ಲಿ ತಲೆಯನ್ನು ತುಸು ತಿರುಗಿಸಿದರೆ ಸಾಕು. ಕೊಳ್ಳುವ ಮೊದಲು ಎರಡು ನಿಮಿಷದ ಈ ಪರೀಕ್ಷೆ ಮಾಡಿಕೊಳ್ಳದೆ ಬಲಗೈ ದಿಮ್ಮಿಯ ರೈಫಲ್ಲಿಗೆ ಹಣ ಕೊಟ್ಟವರು ಸಾಕಷ್ಟು ಜನ.

ಇನ್ನು ಹಣ. ಕೊಳ್ಳುವ ಬೆಲೆಗಿಂತ ನಿತ್ಯದ ಖರ್ಚು ಮುಖ್ಯ. ಶೂಟಿಂಗ್ ಎನ್ನುವುದು ಒಂದೇ ಕೆಲಸವನ್ನು ಸಾವಿರಾರು ಸಲ ಮಾಡುವ ಹವ್ಯಾಸ. ಒಂದು ಗುಂಡಿನ ಬೆಲೆಯೇ ಕೊನೆಗೆ ನೀವು ಎಷ್ಟು ಕಲಿಯುತ್ತೀರಿ ಎಂಬುದನ್ನು ತೀರ್ಮಾನಿಸುತ್ತದೆ.

ಸ್ಪ್ರಿಂಗ್ ಏರ್ ರೈಫಲ್

ನಳಿಗೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವ ದೇಶೀಯ ಏರ್ ರೈಫಲ್ ಎಲ್ಲಕ್ಕಿಂತ ಅಗ್ಗದ ಆಯ್ಕೆ. ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬಳಸಲು ಯೋಗ್ಯವಾದದ್ದು ಸಿಗುತ್ತದೆ. ಪ್ರೆಸಿಹೋಲ್‌ನಂಥ ಭಾರತೀಯ ತಯಾರಕರು ಬಂದ ಮೇಲೆ ನಳಿಗೆಯ ಗುಣಮಟ್ಟವೂ ಹಿಂದಿಗಿಂತ ಸುಧಾರಿಸಿದೆ. ಗಾಳಿಯ ಸಿಲಿಂಡರ್, ಪಂಪು ಯಾವುದರ ಗೊಡವೆಯೂ ಇಲ್ಲ. ಆದರೆ ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ರಭಸದಿಂದ ಮುಂದೆ ಓಡಿ ಬಡಿದು ನಿಲ್ಲುವುದರಿಂದ ಬಂದೂಕು ಮೊದಲು ಹಿಂದಕ್ಕೂ ಕೂಡಲೇ ಮುಂದಕ್ಕೂ ಕುಲುಕುತ್ತದೆ, ಮತ್ತು ಆ ಹೊತ್ತಿನಲ್ಲಿ ಪೆಲೆಟ್ ಇನ್ನೂ ನಳಿಗೆಯ ಒಳಗೇ ಇರುತ್ತದೆ. ಹಿಡಿತ ತುಸು ಬದಲಾದರೂ ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ. ಬಿಗಿಯಾಗಿ ಹಿಡಿದಷ್ಟೂ ಗುರಿ ಕೆಡುವ ಈ ಬಂದೂಕು ಹೊಸಬರಿಗೆ ತಾಳ್ಮೆ ಕಲಿಸುತ್ತದೆ ಎನ್ನುವವರಿದ್ದಾರೆ. ಅದು ನಿಜವಿರಬಹುದಾದರೂ ತಪ್ಪು ತನ್ನದೋ ಬಂದೂಕಿನದೋ ಎಂದು ತಿಳಿಯದೆ ಸೋತು ಬಿಟ್ಟುಬಿಡುವವರೇ ಹೆಚ್ಚು.

ಯಾರಿಗೆ ಇದು ತಕ್ಕದ್ದು? ಸ್ಪರ್ಧೆಯ ಆಸೆಯಿಲ್ಲದೆ, ತಮ್ಮದೇ ತೋಟದ ಸುರಕ್ಷಿತ ಮೂಲೆಯಲ್ಲಿ ಡಬ್ಬಿಗೋ ಕಾಗದಕ್ಕೋ ಹೊಡೆದು ಸಂತೋಷಪಡುವವರಿಗೆ. ಹಕ್ಕಿ, ಅಳಿಲು, ಮಂಗಗಳ ಮೇಲೆ ಹಾರಿಸಲು ಎಂದಾದರೆ ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದೂಕಿಗೆ ಪರವಾನಗಿ ಬೇಕೇ ಬೇಡವೇ ಎಂದು ನೋಡಿ ಬಿಡುವುದಿಲ್ಲ. ಮಕ್ಕಳ ಕೈಗೆ ಆಟದ ಸಾಮಾನಿನಂತೆ ಕೊಡುವುದಂತೂ ಸಲ್ಲದು. ಕಣ್ಣಿಗೆ ಬಿದ್ದ ಪೆಲೆಟ್ ಕಣ್ಣನ್ನು ಕಳೆಯುತ್ತದೆ, ಹತ್ತಿರದಿಂದ ಬಿದ್ದರೆ ಜೀವವನ್ನೂ ತೆಗೆಯಬಹುದು.

ಸ್ಪರ್ಧೆಯ ಏರ್ ರೈಫಲ್

ಇಂದಿನ ಸ್ಪರ್ಧೆಯ ಬಂದೂಕುಗಳು ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿಯಿಂದ ಹಾರುತ್ತವೆ. ಕುಲುಕಾಟವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ವಾಲ್ಥರ್, ಫೈನ್‌ವೆರ್ಕ್‌ಬಾವ್, ಆನ್‌ಶುಟ್ಜ್, ಸ್ಟೈರ್ ಇವು ರೇಂಜುಗಳಲ್ಲಿ ಹೆಚ್ಚು ಕೇಳುವ ಹೆಸರುಗಳು. ಹೊಸದಾದರೆ ಎರಡು ಲಕ್ಷದಿಂದ ಮೇಲೆ ಎಷ್ಟಾದರೂ ಆಗಬಹುದು. ಯೂರೋ ಬೆಲೆ ಮತ್ತು ಸುಂಕದಂತೆ ಇದು ಏರಿಳಿಯುತ್ತಿರುತ್ತದೆ. ನಾಲ್ಕೂ ತಯಾರಕರ ನಳಿಗೆಗಳು ಯಾವ ಹೊಸ ಶೂಟರಿನ ಕೈಗಿಂತಲೂ ಎಷ್ಟೋ ಪಾಲು ನಿಖರವಾಗಿರುವುದರಿಂದ ಯಾವ ಕಂಪನಿ ಒಳ್ಳೆಯದು ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಯಾವುದರ ಸೀಲು, ಬಿಡಿಭಾಗ ಮತ್ತು ರಿಪೇರಿ ಬಲ್ಲವರು ಸಿಗುತ್ತಾರೆ ಎಂಬುದನ್ನು ವಿಚಾರಿಸಿ, ಅದನ್ನೇ ಕೊಳ್ಳುವುದು ಜಾಣತನ.

ಅಂತರರಾಷ್ಟ್ರೀಯ ನಿಯಮದಂತೆ ರೈಫಲ್ಲಿನ ತೂಕ 5.5 ಕಿಲೋ ಮೀರುವಂತಿಲ್ಲ. ಗುರಿಯ ನಟ್ಟನಡುವಿನ, ಹತ್ತು ಅಂಕದ ಹತ್ತನೆಯ ಉಂಗುರವೆಂಬುದು ಉಂಗುರವೇ ಅಲ್ಲ, ಅರ್ಧ ಮಿ.ಮೀ. ಅಗಲದ ಚುಕ್ಕೆ. ಅರವತ್ತು ಗುಂಡುಗಳನ್ನು ಒಂದೂಕಾಲು ಗಂಟೆಯಲ್ಲಿ, ನಿಂತೇ, ಹಾರಿಸಬೇಕು. ಇಷ್ಟು ನಿಖರತೆ ಬೇಕಾದಾಗ ಶರೀರವನ್ನು ಸ್ಥಿರಗೊಳಿಸಲು ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟು, ಚಪ್ಪಟೆ ತಳದ ಬೂಟು, ಕೈಗವಸು ಬೇಕಾಗುತ್ತವೆ. ರೈಫಲ್ಲಿನ ಬೆಲೆ ಕೇಳಿ ಬಂದವರು ಮರೆಯುವ ಖರ್ಚು ಇದೇ. ಮೈಯಳತೆಗೆ ಹೊಲಿಸಿದ ದೇಶೀಯ ಉಡುಪಿಗೇ ಹತ್ತಾರು ಸಾವಿರ ಬೇಕು. ಬೆಳೆಯುವ ಮಕ್ಕಳಿಗಾದರೆ ಎರಡು ಮೂರು ವರ್ಷದಲ್ಲಿ ಅದು ಬಿಗಿಯಾಗಿ, ಮತ್ತೆ ಹೊಲಿಸಬೇಕು. ಬೆಂಗಳೂರಿನ ಹವೆಯಲ್ಲಿ ಈ ಉಡುಪು ತಡೆದುಕೊಳ್ಳಬಹುದು, ಆದರೆ ಮಂಗಳೂರಿನ ಸೆಕೆಯಲ್ಲೋ ಕಲಬುರಗಿಯ ಬೇಸಿಗೆಯಲ್ಲೋ ಹವಾನಿಯಂತ್ರಣವಿಲ್ಲದ ರೇಂಜಿನೊಳಗೆ ಅದನ್ನು ತೊಟ್ಟು ಒಂದು ಗಂಟೆ ನಿಲ್ಲುವುದು ಸಣ್ಣ ಮಾತಲ್ಲ.

ಇದರ ಬದಲಿಗೆ ರೈಫಲ್ ಕೊಡುವ ಲಾಭವೂ ದೊಡ್ಡದು. ಹೊಸಬರಿಗೆ ಪ್ರಗತಿ ಬೇಗ ಕಾಣುತ್ತದೆ. ಆಸರೆಯಿಟ್ಟು ಹಾರಿಸಿದರೆ ಮೊದಲ ವಾರದಲ್ಲೇ ಪೆಲೆಟ್‌ಗಳು ಒಂದೆಡೆ ಬೀಳತೊಡಗುತ್ತವೆ. ಮಕ್ಕಳಿಗೆ ಈ ಉತ್ತೇಜನ ಬೇಕು. ನಲವತ್ತೈದು ದಾಟಿದವರಿಗೆ ಇನ್ನೊಂದು ಅನುಕೂಲವಿದೆ. ರೈಫಲ್ಲಿನ ಹಿಂಬದಿಯ ಸೈಟು (ಗುರಿ ನೋಡುವ ಸಾಧನ) ಒಂದು ಸಣ್ಣ ರಂಧ್ರ; ಸಣ್ಣ ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ, ಚಾಳೀಸಿನ ಕಣ್ಣಿನ ತೊಂದರೆ ಬಹಳಷ್ಟು ಮರೆಯಾಗುತ್ತದೆ.

ಏರ್ ಪಿಸ್ತೂಲ್

ಏರ್ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು, ತೋಳು ಚಾಚಿ, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ ಹಾರಿಸಬೇಕು. ತೂಕ ಒಂದೂವರೆ ಕಿಲೋ ಮೀರಬಾರದು, ಟ್ರಿಗರಿನ ಒತ್ತಡ 500 ಗ್ರಾಂಗಿಂತ ಕಡಿಮೆ ಇರಬಾರದು. ಹೆಚ್ಚಿನ ಸ್ಪರ್ಧಾ ಪಿಸ್ತೂಲುಗಳ ತೂಕ ಒಂದು ಕಿಲೋ ಆಸುಪಾಸು. ಮನೆಯಲ್ಲೇ ಪರೀಕ್ಷಿಸಬಹುದು: ಒಂದು ಲೀಟರಿನ ನೀರಿನ ಬಾಟಲಿಯನ್ನು ತುಂಬಿ, ತೋಳು ಚಾಚಿ ಹದಿನೈದು ಸೆಕೆಂಡು ಹಿಡಿದು, ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಿಡಿಯಿರಿ, ಹೀಗೆ ಇಪ್ಪತ್ತು ಸಲ. ಹನ್ನೆರಡು ವರ್ಷದ ಮಗುವಿನ ಭುಜ ಇದಕ್ಕೆ ಇನ್ನೂ ಸಿದ್ಧವಿಲ್ಲವೆಂದು ಕಂಡರೆ ಒಂದೆರಡು ವರ್ಷ ಕಾಯುವುದೋ ರೈಫಲ್ಲಿನಿಂದ ಆರಂಭಿಸುವುದೋ ಮೇಲು. ಭುಜ ಅಥವಾ ಕುತ್ತಿಗೆಯ ಹಳೆಯ ನೋವಿರುವ ಹಿರಿಯರೂ ಇದನ್ನು ಯೋಚಿಸಬೇಕು.

ಹತ್ತನೆಯ ಉಂಗುರ ಇಲ್ಲಿ 11.5 ಮಿ.ಮೀ. ರೈಫಲ್ಲಿನ ಚುಕ್ಕೆಯ ಮುಂದೆ ಇದು ದೊಡ್ಡದೆಂದು ಸುಲಭವೆಂದುಕೊಳ್ಳಬಾರದು. ಚಾಚಿದ ಕೈ ಎಂದೂ ಪೂರ್ತಿ ನಿಲ್ಲುವುದಿಲ್ಲ. ಅಲುಗಾಟವನ್ನು ಒಪ್ಪಿಕೊಂಡು, ಅದರ ನಡುವೆಯೇ ಟ್ರಿಗರನ್ನು ನಯವಾಗಿ ಹಿಂದಕ್ಕೆ ತರುವುದನ್ನು ಕಲಿಯಲು ತಿಂಗಳುಗಳು ಬೇಕು. ಮೊದಲ ಆರು ತಿಂಗಳು ಅಂಕಗಳು ಹತಾಶೆ ತರುತ್ತವೆ. ರೈಫಲ್ ಹಿಡಿದ ಗೆಳೆಯ ಮುಂದೆ ಹೋಗುತ್ತಿರುವುದನ್ನು ನೋಡಿ ಪಿಸ್ತೂಲ್ ಬಿಟ್ಟವರು ಬೇಕಾದಷ್ಟು ಜನರಿದ್ದಾರೆ.

ಆದರೆ ಖರ್ಚಿನ ಪಟ್ಟಿ ಚಿಕ್ಕದು. ಪಿಸ್ತೂಲು, ಪೆಲೆಟ್, ಚಪ್ಪಟೆ ತಳದ ಬೂಟು, ಬೇಕಾದರೆ ಒಂದು ಕಣ್ಣಿನ ಮರೆ. ಜಾಕೆಟ್ಟಿಲ್ಲ, ಪ್ಯಾಂಟಿಲ್ಲ. ಮೊರಿನಿ, ಸ್ಟೈರ್, ವಾಲ್ಥರ್, ಪಾರ್ಡೀನಿ, ಫೈನ್‌ವೆರ್ಕ್‌ಬಾವ್ ಇವುಗಳ ಹೊಸ ಪಿಸ್ತೂಲಿಗೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದ ಸುಮಾರು ಲೆಕ್ಕ ಹಾಕಬಹುದು. ಮರದ ಹಿಡಿ ಅಂಗೈಗೆ ಹೊಂದಿಕೊಂಡಿರಬೇಕು. ಅಳತೆ ತಪ್ಪಿದ ಹಿಡಿಯ ದುಬಾರಿ ಪಿಸ್ತೂಲಿಗಿಂತ ಅಳತೆ ಸರಿಯಿರುವ ಹಳೆಯ ಪಿಸ್ತೂಲು ವಾಸಿ. ಚಿಕ್ಕ ಕೈಯವರು, ಮುಖ್ಯವಾಗಿ ಹುಡುಗಿಯರು, ಚಿಕ್ಕ ಅಳತೆಯ ಹಿಡಿಯನ್ನೇ ಕೇಳಿ ಪಡೆಯಬೇಕು, ಇಲ್ಲವೇ ರೇಂಜಿನ ಅನುಭವಿಗಳ ನೆರವಿನಿಂದ ಉಜ್ಜಿಸಿಕೊಳ್ಳಬೇಕು.

ಕಣ್ಣಿನ ವಿಷಯದಲ್ಲಿ ಪಿಸ್ತೂಲು ಹಿರಿಯರಿಗೆ ತುಸು ಕಠಿಣ. ನೋಟ ಮುಂದಿನ ಸೈಟಿನ ಮೇಲೆ ನಿಲ್ಲಬೇಕು, ಗುರಿ ಮಸುಕಾಗಿಯೇ ಇರಬೇಕು. ಓದುವ ಕನ್ನಡಕಕ್ಕೂ ದೂರದ ಕನ್ನಡಕಕ್ಕೂ ನಡುವಿನ ಆ ದೂರಕ್ಕೆ ಬೇರೆಯೇ ಮಸೂರ ಬೇಕಾಗುತ್ತದೆ. ಕಣ್ಣಿನ ವೈದ್ಯರಲ್ಲಿ ತೋಳುದ್ದದ ದೂರವನ್ನು ಅಳತೆ ಮಾಡಿ ತಿಳಿಸಿದರೆ ಅವರು ಬರೆದುಕೊಡುತ್ತಾರೆ. ಹಿರಿಯ ವಯಸ್ಸು ಅಡ್ಡಿಯೆಂದು ಮಾತ್ರ ಭಾವಿಸಬೇಕಿಲ್ಲ. ಶೂಟಿಂಗಿನಲ್ಲಿ ವಯಸ್ಸಿನ ಮಿತಿ ಬೇರೆ ಆಟಗಳಷ್ಟು ಕಠೋರವಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದಾಗ ಅವರ ವಯಸ್ಸು ಮೂವತ್ತು ದಾಟಿತ್ತು.

ಮನೆಯ ಅಭ್ಯಾಸಕ್ಕೆ ಏರ್ ಪಿಸ್ತೂಲಿಗೆ ಸಮನಾದದ್ದಿಲ್ಲ. ಪೆಲೆಟ್ಟೇ ಹಾಕದೆ, ಬಿಳಿಯ ಗೋಡೆಗೆ ಮುಖ ಮಾಡಿ ದಿನಕ್ಕೆ ಅರ್ಧ ಗಂಟೆ ಟ್ರಿಗರ್ ಅಭ್ಯಾಸ ಮಾಡಿದರೆ ರೇಂಜಿನಲ್ಲಿ ಕಳೆದ ಒಂದು ಗಂಟೆಯಷ್ಟೇ ಫಲ. ರೈಫಲ್ಲಿನಲ್ಲೂ ಇದು ಸಾಧ್ಯವಾದರೂ ಪ್ರತಿಸಲ ಉಡುಪು ತೊಡುವ ಬೇಸರ ಅಭ್ಯಾಸವನ್ನು ಕೊಲ್ಲುತ್ತದೆ. ಕೆಲಸ ಮುಗಿಸಿ ಟ್ರಾಫಿಕ್ಕಿನಲ್ಲಿ ನಲುಗಿ ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಪಿಸ್ತೂಲು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

.22 ರೈಫಲ್

ಬೆಲೆ, ಕಾನೂನು, ರೇಂಜ್ ಮೂರರಲ್ಲೂ ಇದು ಒಮ್ಮೆಲೇ ಹತ್ತು ಮೆಟ್ಟಿಲು ಮೇಲೆ. ಎರಡೂವರೆ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿಯ ಲೆಕ್ಕದಲ್ಲಿ ಸ್ಪರ್ಧೆಯ ಪೆಲೆಟ್ಟಿನ ಹದಿನೈದು ಪಟ್ಟಿಗೂ ಹೆಚ್ಚು. ಕಿವಿಗೆ ರಕ್ಷಣೆ ಬೇಕು. 50 ಮೀಟರಿನಲ್ಲಿ ಗಾಳಿಯನ್ನು ಓದುವುದು ಇಲ್ಲಿಯ ಹೊಸ ವಿದ್ಯೆ. ಗಾಳಿ ತೋರಿಸುವ ಧ್ವಜ ತುಸು ವಾಲಿದರೂ ಗುಂಡು ಹತ್ತನೆಯ ಉಂಗುರದಿಂದ ಹೊರಗೆ ಸರಿಯುತ್ತದೆ. ಮಂಡಿಯೂರಿ, ಮಲಗಿ, ನಿಂತು ಮೂರು ಭಂಗಿಗಳಲ್ಲಿ ಹಾರಿಸುವ ಈ ಸ್ಪರ್ಧೆ ನನ್ನ ಮಟ್ಟಿಗೆ ರೈಫಲ್ ಶೂಟಿಂಗಿನ ಅತ್ಯಂತ ಸೊಗಸಾದ ರೂಪ. ಆದರೆ ಅದಕ್ಕೆ ಏರ್ ರೈಫಲ್ಲಿನ ಮೂಲಕವೇ ಬರಬೇಕು.

ಭಾರತದ ಆರ್ಡ್ನೆನ್ಸ್ (ಸರ್ಕಾರಿ ಶಸ್ತ್ರಾಸ್ತ್ರ) ಕಾರ್ಖಾನೆಗಳು ತಯಾರಿಸಿದ .22 ಸ್ಪೋರ್ಟಿಂಗ್ ರೈಫಲ್ ಮೋಜಿನ ಗುರಿ ಅಭ್ಯಾಸಕ್ಕೆ, ಕೊಡಗಿನ ಊರ ಸ್ಪರ್ಧೆಗಳಿಗೆ ಸಾಕು. 50 ಮೀಟರ್ ಸ್ಪರ್ಧೆಗೆ ಆನ್‌ಶುಟ್ಜ್ ತರಹದ ಭಾರವಾದ ನಳಿಗೆಯ ಬಂದೂಕೇ ಬೇಕು. ಸ್ಪರ್ಧೆಗಾಗಿ ಮದ್ದಿನ ಬಂದೂಕುಗಳನ್ನು ವಿದೇಶದಿಂದ ತರಿಸಿಕೊಳ್ಳುವ ಸೌಲಭ್ಯ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಅರ್ಹತಾ ಅಂಕ ದಾಟಿ ‘ರಿನೌನ್ಡ್ ಶಾಟ್’ ಎನಿಸಿಕೊಂಡವರಿಗೆ ಮೀಸಲು. ಉಳಿದವರು ಕ್ಲಬ್ಬಿನ ಅಥವಾ ರಾಜ್ಯ ರೈಫಲ್ ಸಂಸ್ಥೆಯ ಬಂದೂಕಿನಿಂದಲೇ ಆರಂಭಿಸುತ್ತಾರೆ. 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆ ಮತ್ತು ಅದರಡಿಯ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವ ಇಲ್ಲಿ ಬರೀ ಕಾಗದವಲ್ಲ. ಪರವಾನಗಿಯ ಅರ್ಜಿಗೆ ‘ಗುರಿ ಅಭ್ಯಾಸಕ್ಕಾಗಿ’ ಎಂಬ ಕಾರಣ ಬರೆದರೆ ಅದನ್ನು ಸಾಬೀತು ಮಾಡುವುದು ಆ ಸದಸ್ಯತ್ವ ಮತ್ತು ಸ್ಪರ್ಧೆಯ ದಾಖಲೆಗಳೇ. ಖರ್ಚಿನ ಮಾತೂ ಇದೆ. ಒಳ್ಳೆಯ ಪೆಲೆಟ್ ಒಂದಕ್ಕೆ ಒಂದೆರಡು ರೂಪಾಯಿಯಾದರೆ ಸ್ಪರ್ಧೆಯ ದರ್ಜೆಯ .22 ತೋಟಾಕ್ಕೆ ಅದರ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು.

ಮದ್ದಿನ ಪಿಸ್ತೂಲು ಮತ್ತು ರಿವಾಲ್ವರ್

‘ಹವ್ಯಾಸಕ್ಕೆ ಒಂದು ರಿವಾಲ್ವರ್’ ಎಂದು ಕೇಳುವವರಿಗೆ ಸ್ಪಷ್ಟವಾಗಿಯೇ ಹೇಳಬೇಕು. ಸಾಮಾನ್ಯ ನಾಗರಿಕರಿಗೆ ದೊರೆಯುವ ಆರ್ಡ್ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ಆತ್ಮರಕ್ಷಣೆಗಾಗಿ ಮಾಡಿದ ವಸ್ತು. ಗಿಡ್ಡ ನಳಿಗೆ, ಹೊಂದಿಸಲು ಬಾರದ ಸೈಟು, ಗಡುಸಾದ ಟ್ರಿಗರ್. ಇದರಿಂದ 25 ಮೀಟರಿನಲ್ಲಿ ಗುರಿ ಕಲಿಯಲು ಹೊರಡುವವರು ಕಲಿಯುವುದಕ್ಕಿಂತ ಹೆಚ್ಚಾಗಿ ತೋಟಾ ಮುಗಿಸುತ್ತಾರೆ. ಸ್ಪರ್ಧೆಯ ಸೆಂಟರ್ ಫೈರ್ (ತಳದ ನಡುವೆ ಕಿಡಿ ಹೊತ್ತುವ ತೋಟಾದ) ವಿಭಾಗದಲ್ಲೂ ಇದೇ .32 ತೋಟಾದ ಚಪ್ಪಟೆ ಮೂತಿಯ ರೂಪವನ್ನು ಬಳಸುತ್ತಾರೆ ಎಂಬುದು ನಿಜ, ಆದರೆ ಅದನ್ನು ಹಾರಿಸುವ ಬಂದೂಕು ಸಂಪೂರ್ಣ ಬೇರೆ. 9 ಮಿ.ಮೀ., .38, .45 ಇವು ನಾಗರಿಕರಿಗೆ ನಿಷಿದ್ಧವಾದ ಬೋರ್‌ಗಳ (ನಳಿಗೆಯ ಒಳ ಅಳತೆಗಳ) ಪಟ್ಟಿಯಲ್ಲಿವೆ. ಅವುಗಳ ವಿಚಾರ ಇಲ್ಲಿ ಬೇಡ.

ನಿಜವಾಗಿ ಆಯ್ಕೆಗೆ ಯೋಗ್ಯವಾದದ್ದು .22 ಸ್ಪೋರ್ಟ್ ಪಿಸ್ತೂಲ್ ಒಂದೇ. 25 ಮೀಟರಿನಲ್ಲಿ ನಿಧಾನದ ಸುತ್ತು, ವೇಗದ ಸುತ್ತು ಎರಡೂ ಇರುವ ಈ ಆಟ ಏರ್ ಪಿಸ್ತೂಲಿನ ಸಹಜ ಮುಂದುವರಿಕೆ. ವಿಜಯ್ ಕುಮಾರ್ 2012ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಐದು ಗುಂಡುಗಳನ್ನು ಎಂಟು, ಆರು, ಕೊನೆಗೆ ನಾಲ್ಕು ಸೆಕೆಂಡಿನಲ್ಲಿ ಹಾರಿಸಬೇಕು. ನೋಡಲು ಇದಕ್ಕಿಂತ ರೋಮಾಂಚಕವಾದದ್ದು ಶೂಟಿಂಗಿನಲ್ಲಿಲ್ಲ. ಇಷ್ಟಿದ್ದರೂ ಒಂದು ವರ್ಷ ಏರ್ ಪಿಸ್ತೂಲ್ ಹಿಡಿಯದವರಿಗೆ ಇದನ್ನು ಶಿಫಾರಸು ಮಾಡಲಾರೆ. ಕೈಯಲ್ಲಿ ಹಿಡಿಯುವ ಗಿಡ್ಡ ಬಂದೂಕಿನ ಮೂತಿ ತುಸು ತಿರುಗಿದರೂ ಪಕ್ಕದವರ ಕಡೆಗೆ ಹೋಗುತ್ತದೆ. ಮೂತಿಯನ್ನು ಸದಾ ಗುರಿಯತ್ತಲೇ ಇಡುವ, ಹಾರಿಸುವ ಕ್ಷಣದವರೆಗೆ ಬೆರಳನ್ನು ಟ್ರಿಗರಿನಿಂದ ಹೊರಗಿಡುವ ಅಭ್ಯಾಸ ಮೈಗೂಡುವುದು ಗಾಳಿಯ ಬಂದೂಕಿನಲ್ಲಾದರೆ ಎಲ್ಲರಿಗೂ ಕ್ಷೇಮ.

ಕೊಡಗಿನ ಮನೆಯ ಕೋವಿ

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಊರೂರಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ .22 ರೈಫಲ್, 12 ಬೋರಿನ ತೋಟಾ ಕೋವಿ, ಏರ್ ಗನ್ ಹೀಗೆ ಬೇರೆಬೇರೆ ವಿಭಾಗಗಳಿರುತ್ತವೆ. ಮನೆಯಲ್ಲಿ ಆಗಲೇ ಕೋವಿ ಇರುವವರು ಈ ಸ್ಪರ್ಧೆಗಳಿಗಾಗಿ ಹೊಸದೇನನ್ನೂ ಕೊಳ್ಳಬೇಕಿಲ್ಲ. ಕೊಳ್ಳುವುದಾದರೆ ಏರ್ ರೈಫಲ್ ಕೊಂಡು ಮನೆಯಲ್ಲಿ ವರ್ಷವಿಡೀ ಅಭ್ಯಾಸ ಮಾಡಿ, ಹಬ್ಬಕ್ಕೆ ಕೋವಿ ಹಿಡಿಯುವುದು ಅಗ್ಗದ ದಾರಿ, ಏಕೆಂದರೆ ಉಸಿರು ಮತ್ತು ಟ್ರಿಗರಿನ ಹಿಡಿತ ಎರಡಕ್ಕೂ ಒಂದೇ. ಹಳೆಯ ಕೋವಿಯನ್ನು ಹಾರಿಸುವ ಮೊದಲು ನಳಿಗೆಯ ಒಳಗೆ ತುಕ್ಕು, ಉಬ್ಬು, ಹಿಂಬದಿಯ ಬೀಗದಲ್ಲಿ ಸಡಿಲ ಇದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಇಂದಿನ ತೋಟಾದ ಒತ್ತಡವನ್ನು ತಾತನ ಕಾಲದ ನಳಿಗೆ ತಾಳದಿರಬಹುದು.

12 ಬೋರನ್ನು ಒಲಿಂಪಿಕ್ ಮಾದರಿಯಲ್ಲಿ, ಹಾರುವ ಮಣ್ಣಿನ ತಟ್ಟೆಗಳ ಮೇಲೆ ಹಾರಿಸಬೇಕೆಂಬ ಆಸೆಯಿದ್ದರೆ ಖರ್ಚಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು: ಪ್ರತಿ ಗುಂಡಿಗೆ ಒಂದು ತೋಟಾ, ಪ್ರತಿ ಎಸೆತಕ್ಕೆ ಒಂದು ತಟ್ಟೆ. ದೇಶದಲ್ಲಿ ಹೀಗೆ ತಟ್ಟೆ ಹೊಡೆಯುವ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳ ರೇಂಜುಗಳು ಕೆಲವೇ.

ಯಾರಿಗೆ ಯಾವುದು, ಮತ್ತು ಹಳೆಯದನ್ನು ಕೊಳ್ಳುವಾಗ

ಹನ್ನೆರಡರಿಂದ ಹದಿನಾಲ್ಕರ ಮಕ್ಕಳಿಗೆ ಮೊದಲ ಮೂರು ನಾಲ್ಕು ತಿಂಗಳು ಏನನ್ನೂ ಕೊಳ್ಳಬೇಡಿ. ಅಕಾಡೆಮಿಯ ಬಂದೂಕಿನಲ್ಲಿ ಎರಡನ್ನೂ ಹಿಡಿಸಿ ನೋಡಿ. ಸುಮ್ಮನೆ ನಿಲ್ಲಬಲ್ಲ, ಸಣ್ಣ ಸಣ್ಣ ಹೊಂದಾಣಿಕೆಗಳಲ್ಲಿ ಸಂತೋಷ ಕಾಣುವ ಮಗುವಿಗೆ ರೈಫಲ್, ಒಂದು ಗುಂಡು ಕೆಟ್ಟರೆ ಮರೆತು ಮುಂದಿನದಕ್ಕೆ ಹೋಗಬಲ್ಲ ಮಗುವಿಗೆ ಪಿಸ್ತೂಲು ಎಂದು ತರಬೇತುದಾರರು ಸಾಮಾನ್ಯವಾಗಿ ಸೂಚಿಸುತ್ತಾರೆ. ಮೂವತ್ತು ನಲವತ್ತರ ನೌಕರಸ್ಥರಿಗೆ, ಭುಜ ಗಟ್ಟಿಯಿದ್ದರೆ, ಏರ್ ಪಿಸ್ತೂಲು. ಐವತ್ತೈದು ದಾಟಿದವರಿಗೆ ಏರ್ ರೈಫಲ್, ಅದೂ ಆಸರೆಯಿಟ್ಟು ಕುಳಿತು ಹಾರಿಸಲು ಅನುಮತಿಸುವ ರೇಂಜ್ ಸಿಕ್ಕರೆ ಉಡುಪಿನ ಖರ್ಚೂ ಉಳಿಯುತ್ತದೆ. ಇಪ್ಪತ್ತೈದು ಸಾವಿರ ಮೀರಲಾರದವರಿಗೆ ಸ್ಪ್ರಿಂಗ್ ರೈಫಲ್ಲಿಗಿಂತ ಅದೇ ಹಣದಲ್ಲಿ ಕೆಲವು ತಿಂಗಳ ಅಕಾಡೆಮಿ ಶುಲ್ಕ ಒಳ್ಳೆಯ ವ್ಯಯವೆಂದು ನನ್ನ ಅಭಿಪ್ರಾಯ.

ಸ್ಪರ್ಧೆಯ ಏರ್ ಬಂದೂಕುಗಳನ್ನು ಹಳೆಯದಾಗಿ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಗಾಳಿಯ ಬಂದೂಕಿನ ನಳಿಗೆ ಬೇಗ ಸವೆಯುವುದಿಲ್ಲ. ಆದರೆ ಸಿಲಿಂಡರಿನ ಮೇಲೆ ಕೆತ್ತಿದ ತಾರೀಖನ್ನು ನೋಡದೆ ಮುಂಗಡ ಕೊಡಬೇಡಿ. ಬಹಳಷ್ಟು ತಯಾರಕರು ಸಿಲಿಂಡರಿಗೆ ಹತ್ತು ವರ್ಷದ ಆಯುಸ್ಸು ನಿಗದಿಪಡಿಸುತ್ತಾರೆ; ಅವಧಿ ಮೀರಿದ 200 ಬಾರ್ ಸಿಲಿಂಡರ್ ಕೆನ್ನೆಯಿಂದ ಗೇಣುದ್ದದ ದೂರದಲ್ಲಿರುತ್ತದೆ, ಸ್ಪರ್ಧೆಗಳಲ್ಲೂ ಅದನ್ನು ತಡೆಯಬಹುದು. ಹೊಸ ಸಿಲಿಂಡರಿನ ಬೆಲೆಯನ್ನು ವಿಚಾರಿಸಿ, ಆ ಮೊತ್ತವನ್ನು ಕಳೆದು ಚೌಕಾಶಿ ಮಾಡಿ. ರಾತ್ರಿ ತುಂಬಿಟ್ಟ ಗಾಳಿಯ ಒತ್ತಡ ಬೆಳಿಗ್ಗೆ ಇಳಿದಿದ್ದರೆ ಸೀಲು ಸೋರುತ್ತಿದೆ. ಒಂದೇ ಟಿನ್ನಿನ ಚಪ್ಪಟೆ ಮೂತಿಯ ಪೆಲೆಟ್‌ಗಳಿಂದ, ಆಸರೆಯಿಟ್ಟು ಐದೈದು ಗುಂಡುಗಳ ನಾಲ್ಕು ಗುಂಪುಗಳನ್ನು ಹಾರಿಸಿ ನೋಡಿ. ರಂಧ್ರಗಳು ಒಂದರೊಳಗೊಂದು ಬೀಳದಿದ್ದರೆ ಪೆಲೆಟ್ ಬದಲಿಸಿ ಮತ್ತೊಮ್ಮೆ ನೋಡಿ, ಆಗಲೂ ಬೀಳದಿದ್ದರೆ ಬೇರೆ ಬಂದೂಕು ಹುಡುಕಿ. ಮೂಲ ರಸೀದಿ, ಬಂದೂಕಿನ ಮೇಲಿನ ಕ್ರಮಸಂಖ್ಯೆ ಹಾಗೂ ಮಾರುವವರ ಗುರುತಿನ ಚೀಟಿಯ ಪ್ರತಿ ಮೂರೂ ತಾಳೆಯಾದ ಮೇಲೆಯೇ ಹಣ ಕೊಡಿ.